ತೊಳೆದಿಟ್ಟ ಅಂಗಡಿ

ಫರಂಗಿಪೇಟೆಯಲ್ಲಿ ಏಳೂವರೆಯ ಬಸ್ಸು ಹತ್ತಿ, ಮಂಗಳೂರಿನ ತಗ್ಗಿನ ಓಣಿಯಲ್ಲಿ ತನ್ನ ಹೊಲಿಗೆ ಅಂಗಡಿಯ ಷಟರ್ ಎತ್ತುವುದು ಜಲಜಾಕ್ಷಿಗೆ ಹತ್ತೊಂಬತ್ತು ವರ್ಷಗಳ ಅಭ್ಯಾಸ. ಹಿಂಬದಿಯ ಮಳೆನೀರಿನ ತೋಡು ಉಕ್ಕಿ ಅಂಗಡಿಗೆ ನೀರು ನುಗ್ಗತೊಡಗಿದ್ದು ಮಾತ್ರ ಮೂರು ವರ್ಷಗಳಿಂದ.

ಈ ಸಲ ಮೊಣಕಾಲುದ್ದ ನಿಂತ ನೀರು ಶುಕ್ರವಾರ ಬೆಳಿಗ್ಗೆ ಇಳಿದಿತ್ತು. ಒಳಗೆಲ್ಲ ಕೆಸರು. ವಿಮೆಯವರಿಗೆ ಫೋನು ಮಾಡಿದರೆ, ಸೋಮವಾರ ನೋಡಲು ಬರುತ್ತೇವೆ ಎಂದರು. ಆದರೆ ಆಯುಧಪೂಜೆಗೆ ಕುಂಕುಮ ಇಡಿಸಿಕೊಂಡ ಮಿಷನು, ಅದೂ ಶುಕ್ರವಾರ, ದೀಪ ಹಚ್ಚುವ ಹೊತ್ತಿಗೆ ಕೆಸರಲ್ಲಿ ಕೂತಿರುವುದು ಹೇಗೆ? ಜಲಜಾಕ್ಷಿ ಸೆರಗು ಸಿಕ್ಕಿಸಿದಳು. ಗೋಡೆ ತಿಕ್ಕಿದಳು, ನೆಲ ತೊಳೆದಳು, ಮಿಷನು ಬಿಚ್ಚಿ ಎಣ್ಣೆ ಬಿಟ್ಟಳು. ಕೊಳೆತ ಬಟ್ಟೆಯನ್ನೆಲ್ಲ ಕಸದ ಗಾಡಿಗೆ ಹಾಕಿದಳು.

ಹಿಂದಿನೆರಡು ಸಲ ತಡೆದವರು ಪಕ್ಕದ ಬಳೆ ಅಂಗಡಿಯ ಬೀಪಾತುಮ್ಮ. "ಕೈ ಹಾಕ್ಬೇಡ ಮಾರಾಯ್ತಿ! ವಿಮೆಯವ ಬಂದು ಕೆಸರು ನೋಡ್ಲಿ. ನಿನ್ನ ದೀಪಕ್ಕೆ ನಾಲ್ಕು ದಿನ ರಜೆ ಕೊಡು." ಅವರೀಗ ಅಂಗಡಿ ಬಿಟ್ಟು ಮಾಣಿ ಊರಿನಲ್ಲಿ ಮಗಳ ಮನೆ ಸೇರಿದ್ದರು. ಓಣಿಯ ಆರು ಷಟರುಗಳಲ್ಲಿ ಈಗ ತೆರೆಯುವುದು ಇದೊಂದೇ.

ಸೋಮವಾರ ಇಮ್ತಿಯಾಝ್ ಬಂದ. ನಷ್ಟ ನೋಡಿ ಬರೆದುಕೊಳ್ಳಲು ಮೂರು ವರ್ಷವೂ ಬಂದವನು ಅವನೇ.

"ನೀರು ಎಲ್ಲಿವರೆಗೆ ಬಂದದ್ದು ಅಕ್ಕ?"

ಅವಳು ಮೊಣಕಾಲು ತೋರಿಸಿದಳು.

"ನಿಮ್ಮ ಕಾಲಿನ ಫೋಟೋ ಕಂಪನಿಗೆ ಆಗ್ಲಿಕ್ಕಿಲ್ಲ. ಗೋಡೆಯಲ್ಲಿ ಗೆರೆ ಎಲ್ಲುಂಟು?"

"ತಿಕ್ಕಿದೆ."

"ಬಟ್ಟೆ?"

"ಕಸದ ಗಾಡಿಗೆ."

"ಮಿಷನಾದ್ರೂ ಹಾಳಾಗಿದೆಯಾ?"

ಅವಳು ಅಭ್ಯಾಸಬಲದಿಂದ ತುಳಿದಳು. ಮಿಷನು ಸರಾಗ ಓಡಿತು. ಒಂದು ಗಳಿಗೆ ಅವಳ ಮುಖ ಅರಳಿತು, ಆಮೇಲೆ ಅರ್ಥವಾಯಿತು.

"ಎಂತ ಮಾಡಿದ್ರಿ ಮಾರಾಯ್ರೇ! ಹೋದ ವರ್ಷ ಎಷ್ಟು ಚಂದ ಕೆಸರಿತ್ತು!" ಅವನು ತಲೆ ಕೆರೆದುಕೊಂಡ. "ನಾನು ಕಂಡದ್ದನ್ನೇ ಬರೆಯಬೇಕಲ್ಲ?"

"ಸುಳ್ಳು ಬರೀಬೇಡಿ. ಮುಂದಿನ ವರ್ಷ ಜಾಗ್ರತೆ ಮಾಡ್ತೇನೆ."

"ಮೂರು ಸಲ ಪರಿಹಾರ ಕೇಳಿದವರಿಗೆ ಪುನಃ ಪಾಲಿಸಿ ಕೊಡುವುದು ಸಂಶಯ, ಅಕ್ಕ."

ವಿಮೆಯ ಹಣವಿಲ್ಲದೆ ಹೊಸ ಬಟ್ಟೆಯಿಲ್ಲ, ಬಟ್ಟೆಯಿಲ್ಲದೆ ಅಂಗಡಿಯಿಲ್ಲ. ಫರಂಗಿಪೇಟೆಯ ಬಾಡಿಗೆ ಕೋಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಜಲಜಕ್ಕ, ಕಾಲರ್ ಸಡಿಲ ಮಾಡಿ, ತೋಳು ಗಿಡ್ಡ ಮಾಡಿ ಎಂದು ಜನ ಬರುತ್ತಿದ್ದದ್ದು ಇಲ್ಲಿಗೇ.

ಹೊರಗೆ ಮಳೆ ಶುರುವಾಯಿತು. ಇಮ್ತಿಯಾಝ್ ಹೆಲ್ಮೆಟ್ ಎತ್ತಿಕೊಂಡ.

"ಕೂತುಕೊಳ್ಳಿ, ಮಳೆ ಉಂಟು."

"ಬೇರೆ ಓಣಿಯಲ್ಲಿ ಇನ್ನೂ ನಾಲ್ಕು ಅಂಗಡಿ ನೋಡ್ಲಿಕ್ಕುಂಟು ಅಕ್ಕ."

"ಅವರ ಕೆಸರು ಎಲ್ಲಿಗೂ ಹೋಗುವುದಿಲ್ಲ."

ಅವನು ನಕ್ಕು ಕೂತ. ಮನೆ ಎಲ್ಲಿ, ಮಕ್ಕಳೆಷ್ಟು, ಹೆಂಡತಿಗೆ ಹೊಲಿಗೆ ಬರುತ್ತದೋ ಎಂದು ಮೂರು ವರ್ಷ ಕೇಳದಿದ್ದದ್ದನ್ನೆಲ್ಲ ಜಲಜಾಕ್ಷಿ ಒಂದೊಂದಾಗಿ ಕೇಳತೊಡಗಿದಳು. ಮಳೆ ನಿಂತ ಮೇಲೂ ಕೇಳುತ್ತಲೇ ಇದ್ದಳು.