ಕೊನೆಗೆ ಉಳಿದ ಓಣಿ

ಬಿದಿರಿನ ತಿರುಳು ಬೇಯುವ ಆ ಕಟು ವಾಸನೆಯಲ್ಲೇ ಪದ್ಮಮ್ಮ ಬೆಳೆದದ್ದು. ಭದ್ರಾವತಿಯ ಕಾಗದದ ಕಾರ್ಖಾನೆ ನಡೆಯುತ್ತಿದ್ದ ಕಾಲ. ನೆಂಟರು ಮೂಗು ಮುಚ್ಚಿಕೊಂಡರೆ ಅಪ್ಪ, "ಇದು ನಮ್ಮ ಅನ್ನದ ವಾಸನೆ" ಎನ್ನುತ್ತಿದ್ದರು.

ಕಾರ್ಖಾನೆ ಮುಚ್ಚಿತು. ಆ ಕಡೆಯ ಓಣಿಗಳಲ್ಲಿ ಉಳಿದದ್ದು ಚರಂಡಿಯ ನಾತ. ಅದನ್ನು ಸರಿಮಾಡಿಸುತ್ತೇನೆಂದೇ ಪದ್ಮಮ್ಮ ನಗರಸಭೆಗೆ ನಿಂತು ಗೆದ್ದರು. ಆ ಸಲ ವಾರ್ಡು ಹಿಂದುಳಿದ ವರ್ಗದ ಮಹಿಳೆಗೆ ಮೀಸಲಾಗಿತ್ತು.

ಐದು ವರ್ಷದಲ್ಲಿ ಏಳು ಓಣಿಗೆ ಚರಂಡಿ ಆಯಿತು. ವೋಟು ಹಾಕಲ್ಲ ಎಂದು ಗದರಿದವರದು ಮೊದಲು, ಎದುರಾಳಿಯ ನೆಂಟರದು ಆಮೇಲೆ. ಮಾಸ್ತಮ್ಮಜ್ಜಿಯ ಓಣಿಯ ಹನ್ನೆರಡು ಮನೆಯ ವೋಟು ಕೇಳದೆಯೇ ಬೀಳುವಂಥದ್ದು. ಅದಕ್ಕೇ ಅದು ಕೊನೆಗೆ ಉಳಿಯಿತು. "ಮುಂದಿನ ಸಲ ಮೊದಲು ನಿಮ್ಮದೇ ಅಜ್ಜಿ" ಎಂದಿದ್ದರು ಪದ್ಮಮ್ಮ. ಅಜ್ಜಿ ಹೊಸಿಲಿಗೆ ಮಣ್ಣಿನ ಚೀಲ ಒಡ್ಡಿಕೊಂಡು ಮಳೆಗಾಲಗಳನ್ನು ಕಳೆದರು.

ಇವತ್ತು ಶಿವಮೊಗ್ಗದ ಕೋಟೆ ಬೀದಿಯ ಪಕ್ಷದ ಆಫೀಸಿನಲ್ಲಿ ಜ್ಞಾನೇಶ್ ಮೊಬೈಲಿನಲ್ಲಿ ಹೊಸ ಪಟ್ಟಿ ತೋರಿಸಿದ. ಪಕ್ಷದ ಟಿಕೆಟ್ಟಿನ ಓಡಾಟವೆಲ್ಲ ಅವನದೇ.

"ಮೀಸಲಾತಿ ಸರದಿ ತಿರುಗಿದೆ ಪದ್ಮಕ್ಕ. ನಿಮ್ಮ ವಾರ್ಡು ಬೇರೆ ವರ್ಗಕ್ಕೆ ಹೋಯ್ತು, ಅಲ್ಲಿ ನೀವು ನಿಲ್ಲೋ ಹಾಗಿಲ್ಲ. ಹೊಳೆಯಾಚೆ ಒಂದು ವಾರ್ಡಿದೆ, ಅಲ್ಲಿ ನಿಲ್ಲಿ."

"ಅಲ್ಲಿ ನನ್ನ ಗುರುತು ಯಾರಿಗಪ್ಪ ಇದೆ?"

"ಇಲ್ಲದಿದ್ರೇ ಒಳ್ಳೇದಲ್ವಾ? ಯಾರ ಚರಂಡೀನೂ ಬಾಕಿ ಇರಲ್ಲ" ಎಂದು ನಕ್ಕ.

ಪದ್ಮಮ್ಮನಿಗೆ ನಗು ಬರಲಿಲ್ಲ. ಸರದಿಯನ್ನು ಬೈಯಲೂ ಮನಸ್ಸಾಗಲಿಲ್ಲ. ಅಡುಗೆಮನೆಯಿಂದ ತನ್ನನ್ನು ನಗರಸಭೆಗೆ ಕರೆದೊಯ್ದದ್ದೂ ಅದೇ ಸರದಿ. ಬೇರೆಯವರೂ ಬರಬೇಕಲ್ಲ.

ಭದ್ರಾವತಿಯಲ್ಲಿ ಬಸ್ಸಿಳಿದವರು ಮನೆಗೆ ಹೋಗದೆ ನೇರ ಅಜ್ಜಿಯ ಬಾಗಿಲಿಗೆ ನಡೆದರು. ಅಜ್ಜಿ ಒಳಗೆ ನುಗ್ಗಿದ್ದ ಕೊಳೆನೀರನ್ನು ತಂಬಿಗೆಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದರು.

"ಈ ಸಲ ನಾನು ನಿಲ್ಲೋಕಾಗಲ್ಲ ಅಜ್ಜಿ."

"ಗೊತ್ತಾಯ್ತು ಮಾರಾಯ್ತಿ. ಮೊಮ್ಮಗಳು ಫೋನಲ್ಲಿ ನೋಡಿ ಹೇಳಿದ್ಲು. ಹೊಸಬರು ಬರ್ತಾರಲ್ಲ, ಅವರಿಗೆ ಹೇಳು."

"ಹೇಳ್ತೀನಿ."

ಹೊಸಬರೂ ಗದರುವವರ ಓಣಿಯಿಂದಲೇ ಶುರುಮಾಡುತ್ತಾರೆ. ಈ ಓಣಿಗೆ ಬರುವಷ್ಟರಲ್ಲಿ ಸರದಿ ಮತ್ತೆ ತಿರುಗಿರುತ್ತದೆ. ಇಬ್ಬರಿಗೂ ಗೊತ್ತಿತ್ತು.

"ನಿಮ್ಮದೇ ಮೊದಲು ಮಾಡಿಸಬೇಕಿತ್ತು. ನೀವು ಒಂದು ಸಲವೂ ಬೈಲಿಲ್ಲ, ಅದಕ್ಕೇ ಬಿಟ್ಟುಬಿಟ್ಟೆ" ಎಂದರು ಪದ್ಮಮ್ಮ.

ಅಜ್ಜಿ ತಂಬಿಗೆ ಕೆಳಗಿಟ್ಟರು. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

ಅಜ್ಜಿ ಕೈ ತೊಳೆದುಕೊಂಡು ಒಳಗೆ ಹೋದರು. ಒಂದು ಮುದ್ದೆಯನ್ನು ಎರಡು ಭಾಗ ಮಾಡಿ, ದೊಡ್ಡ ಭಾಗಕ್ಕೆ ಬಸ್ಸಾರು ಹುಯ್ದು ತಂದು ತಟ್ಟೆಯನ್ನು ಪದ್ಮಮ್ಮನ ಕೈಗೆ ಕೊಟ್ಟರು.