ಯಲ್ಲಕ್ಕನ ಗಾಡಿಯ ಹಿಂಗಾಲಿ

ಹೋದ ವರ್ಷ ಅನಗವಾಡಿಯ ಯಲ್ಲಕ್ಕನಿಗೆ ಮೊಣಕಾಲು ಕೈಕೊಟ್ಟಿತು. ಇನ್ನು ಮೇಲೆ ಬಹಳ ನಡೆಯಬೇಡಿ ಎಂದು ಡಾಕ್ಟರು ಹೇಳಿದರು. ಆದರೆ ಎಂಬತ್ತು ಕುರಿಗಳಿಗೆ ಅದನ್ನು ತಿಳಿಸಿ ಹೇಳುವವರು ಯಾರು? ಅವಳ ತಮ್ಮ ಮಾಳಿಂಗರಾಯ ಒಂದು ದಾರಿ ಹುಡುಕಿದ. ಹಿನ್ನೀರಿನ ದಂಡೆಯಲ್ಲಿ ಯಾರೋ ರೆಸಾರ್ಟು ತೆರೆದು ಎರಡೇ ವರ್ಷಕ್ಕೆ ಮುಚ್ಚಿಕೊಂಡು ಹೋಗಿದ್ದರು. ಪ್ರವಾಸಿಗರು ಕೂತು ಸುತ್ತು ಹೊಡೆಯಲೆಂದು ಅವರು ತರಿಸಿದ್ದ ನಾಲ್ಕು ಗಾಲಿಯ ಬೈಕೊಂದು ಅಲ್ಲಿ ಬಣ್ಣಗೆಟ್ಟು ನಿಂತಿತ್ತು. ಮಾಳಿಂಗರಾಯ ಅದನ್ನು ಕೊಂಡು ತಂದು ಅಕ್ಕನ ಅಂಗಳದಲ್ಲಿ ನಿಲ್ಲಿಸಿದ.

"ಇದೇನ್ ಗಾಡಿಯೋ, ಹೊರಸೋ?" ಎಂದಳು ಯಲ್ಲಕ್ಕ.

ಆದರೂ ಕಲಿತಳು. ಮೊದಲ ವಾರ ಎರಡು ಬೇಲಿ, ಒಂದು ತಿಪ್ಪೆ. ಆಮೇಲೆ ಕೈಗೆ ಬಂತು. ಗಾಡಿಯ ಸದ್ದಿಗೆ ಮೊದಲು ದಿಕ್ಕಾಪಾಲಾಗಿ ಓಡುತ್ತಿದ್ದ ಕುರಿಗಳೂ ಹದಿನೈದು ದಿನಗಳಲ್ಲಿ ಮನಸ್ಸು ಬದಲಿಸಿದವು. ಹಿಂಡಿನ ದೊಡ್ಡ ಟಗರು ಯಾವ ಕಾರಣಕ್ಕೋ ಅದರ ಹಿಂದಿನ ಎಡಗಾಲಿಯನ್ನು ಮೆಚ್ಚಿಕೊಂಡಿತು. ಗಾಲಿ ಹೋದಲ್ಲಿ ಟಗರು, ಟಗರು ಹೋದಲ್ಲಿ ಹಿಂಡು. ಯಲ್ಲಕ್ಕ ಕೂಗುವುದನ್ನೇ ಬಿಟ್ಟಳು.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಏರಿನಲ್ಲಿ ಕಟಕಟ ಎಂದು ನಿಂತುಬಿಡತೊಡಗಿತು. ಹಿಂದಿನ ಎಕ್ಸಲ್ ಮೇಲೆ ಚೈನು ಕೂರುವ ಹಲ್ಲಿನ ಚಕ್ರ ಸವೆದುಹೋಗಿತ್ತು. ಮಾಳಿಂಗರಾಯ ಹೊಸ ಚಕ್ರವನ್ನು ಪಾರ್ಸೆಲ್ಲಿನಲ್ಲಿ ತರಿಸಿಕೊಟ್ಟು, ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಸಾವಳಗಿಗೆ ಹೋದ. ಅದೇ ವಾರ ಬೀಳಗಿಯ ಹೊರಗಿನ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವುದಿತ್ತು. ಹಿಂಡನ್ನು ನೆಗೆಣ್ಣಿ ಸಾತವ್ವನಿಗೆ ಒಪ್ಪಿಸಿ, ಚಕ್ರವನ್ನು ಚೀಲದಲ್ಲಿ ಹಾಕಿಕೊಂಡು, ಏರು ಬಂದಲ್ಲಿ ಇಳಿದು ಬೈಯುತ್ತ ನೂಕುತ್ತ, ಯಲ್ಲಕ್ಕ ಬೀಳಗಿಯ ಹೊಳಬಸಪ್ಪನ ಗ್ಯಾರೇಜು ಮುಟ್ಟಿದಳು.

ಹೊಳಬಸಪ್ಪ ಮೂವತ್ತೈದು ವರ್ಷಗಳಿಂದ ಟ್ರ್ಯಾಕ್ಟರ್ ಮಿಸ್ತ್ರಿ. ಗ್ಯಾರೇಜಿನ ಬೋರ್ಡಿನ ಮೇಲೆ 'ಎಲ್ಲಾ ತರಹದ ಟ್ರ್ಯಾಕ್ಟರ್ ಬಿಚ್ಚಲಾಗುವುದು' ಎಂದು ಬರೆಸಿದ್ದ. ಜೋಡಿಸಲಾಗುವುದು ಎಂಬುದಕ್ಕೆ ಬೋರ್ಡಿನಲ್ಲಿ ಜಾಗ ಸಾಲದೆ ಬಿಟ್ಟುಹೋಗಿತ್ತು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ, ಬಗ್ಗಿ ನೋಡಿದ.

"ಚಕ್ರ ಒಳಗೈತಿ ತಂಗೆವ್ವ. ಅದು ಹೊರಗ ಬರಬೇಕಂದ್ರ ಮೊದಲ ಗಾಲಿ ಬಿಚ್ಚಬೇಕು, ಆಮ್ಯಾಲ ಗಾಲಿ ಕುಂದ್ರೂ ಈ ಹಬ್ ಎಳೀಬೇಕು. ನೀ ಒಂದ್ ಚಾ ಕುಡಿ, ಅಷ್ಟರಾಗ ಆಗ್ತೈತಿ."

ಯಲ್ಲಕ್ಕ ಪಕ್ಕದ ಗಿರಮಲ್ಲಪ್ಪನ ಅಂಗಡಿಯಲ್ಲಿ ಚಹಾ ಕುಡಿದಳು. ಹಿಂದಿನ ಎಡಗಾಲಿ ಬಿಚ್ಚಿತು. ಎಕ್ಸಲ್ ತುದಿಯ ಪಿನ್ನು ಬಂತು, ಅದರ ದೊಡ್ಡ ನಟ್ಟೂ ಒಂದೇ ಪಟ್ಟಿಗೆ ಸಡಿಲಾಯಿತು. ಹಬ್ ಮಾತ್ರ ಅಲ್ಲಾಡಲಿಲ್ಲ. ಎರಡು ವರ್ಷ ಹಿನ್ನೀರಿನ ಕೆಸರಿನಲ್ಲಿ ಮುಳುಗೆದ್ದು, ಎಕ್ಸಲ್ಲಿಗೂ ಹಬ್ಬಿಗೂ ನಡುವೆ ತುಕ್ಕು ಹಿಡಿದು ಎರಡೂ ಒಂದೇ ಕಬ್ಬಿಣವಾಗಿದ್ದವು. ಹೊಳಬಸಪ್ಪ ಡೀಸೆಲ್ ಸುರಿದ, ಬಡಿದ, ಮತ್ತೆ ಸುರಿದ. ಸಂಜೆಯೊಳಗೆ ಯಲ್ಲಕ್ಕ ಆರು ಚಹಾ ಕುಡಿದಿದ್ದಳು.

ಎರಡನೆಯ ದಿನ ಅವನು ಗ್ಯಾಸ್ ಬೆಂಕಿ ತರಿಸಿ ಹಬ್ಬನ್ನು ಕೆಂಪಗೆ ಕಾಯಿಸಿದ. ಹಬ್ ಒಮ್ಮೆಲೇ ಹಾರದಿರಲೆಂದು ನಟ್ಟನ್ನು ತುದಿಯ ಮೂರು ಎಳೆಗಷ್ಟೇ ಸಡಿಲವಾಗಿ ಕೂರಿಸಿ, ಹಬ್ ಕಿತ್ತೆಳೆಯುವ ಮೂರು ಕಾಲಿನ ಪುಲ್ಲರ್ ಹಾಕಿ ತಿರುಗಿಸಿದ. ಗಿರಮಲ್ಲಪ್ಪ ಅಂಗಡಿಯ ಕಟ್ಟೆಯಿಂದಲೇ ಸಲಹೆ ಕೊಡುತ್ತಿದ್ದ.

"ಹೊಳಬಸಣ್ಣ, ಇನ್ನೊಂದ್ ಸ್ವಲ್ಪ ತಿರುವು. ಬರಾಕತ್ತೈತಿ ನೋಡು."

ಪುಲ್ಲರಿನ ಒಂದು ಕಾಲು ಟಣ್ಣೆಂದು ಮುರಿದು ಹಾರಿ ಗಿರಮಲ್ಲಪ್ಪನ ಸಕ್ಕರೆ ಡಬ್ಬಿಗೆ ಬಡಿಯಿತು. ಅವನು ಡಬ್ಬಿಯನ್ನೆತ್ತಿಕೊಂಡು ಕಟ್ಟೆಯಿಂದ ಒಳಗೆ ಸರಿದ.

ಮಧ್ಯಾಹ್ನ ಬುತ್ತಿ ತಂದ ಹೊಳಬಸಪ್ಪನ ಹೆಂಡತಿ ಮುತ್ತವ್ವ ಗಾಡಿಯನ್ನೂ ಗಂಡನನ್ನೂ ನೋಡಿದಳು. "ಏನ್ರಿ, ನಿನ್ನಿ ಎಲ್ಲಿತ್ತೋ ಇವತ್ತೂ ಅಲ್ಲೇ ಐತಲ್ಲ?"

"ಸುಮ್ ಊಟಕ್ಕ ಹಾಕು."

"ಹಾಕ್ತೇನಿ. ರೊಟ್ಟೀನರ ಮುರೀತಾವ, ನೋಡ್ರಿ."

ಯಲ್ಲಕ್ಕನಿಗೆ ನಗು ಬಂತು. ಆದರೆ ಮೂರನೆಯ ದಿನ ಬೆಳಿಗ್ಗೆ ಹೊಳಬಸಪ್ಪನ ಮುಖ ನೋಡಿದಾಗ ನಗು ಹೋಯಿತು. ಅವನ ಅಂಗೈ ತುಂಬ ಬೊಬ್ಬೆ. ಹತ್ತು ಗಂಟೆಯವರೆಗೆ ಬಡಿದು, ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು, "ಬಾಗಲಕೋಟಿಗೆ ಒಯ್ಯಿ ತಂಗೆವ್ವ. ಅಲ್ಲಿ ದೊಡ್ಡ ಮಷೀನ್ ಅದಾವು. ನನ್ನಿಂದ ಆಗೂದಿಲ್ಲ" ಎಂದ.

"ಹಂಗ್ಯಾಕಂತೀರಿ ಅಣ್ಣಾರ?"

"ಮತ್ತೇನನ್ಲಿ? ಇಷ್ಟ್ ವರ್ಸದಾಗ ಈ ಮಾತ ಯಾರಿಗೂ ಅಂದಿಲ್ಲ."

ಅವನು ಗಾಲಿಯನ್ನು ಮತ್ತೆ ಹಬ್ಬಿಗೆ ಜೋಡಿಸಿದ. ದೊಡ್ಡ ನಟ್ಟನ್ನು ಬಿಗಿ ಮಾಡುವ ಮೊದಲು ನೋಡಿದರೆ ಅದಕ್ಕೆ ಹಾಕುವ ಪಿನ್ನು ಇಲ್ಲ. ಡಬ್ಬಿಯಲ್ಲಿ ಹುಡುಕಿದ, ಚಾಪೆಯ ಕೆಳಗೆ ಹುಡುಕಿದ. ಪಿನ್ನು ಎಲ್ಲಿತ್ತೆಂದರೆ ಗಿರಮಲ್ಲಪ್ಪನ ಕಿವಿಯಲ್ಲಿತ್ತು. ಕಣ್ಣು ಅರೆ ಮುಚ್ಚಿ ಅವನು ಬಹಳ ಸುಖವಾಗಿ ಕಿವಿ ಕೆರೆದುಕೊಳ್ಳುತ್ತಿದ್ದ.

"ಲೇ ಗಿರಮಲ್ಲ! ಅದು ಗಾಡೀ ಸಾಮಾನಲೇ!"

"ನಿನ್ನಿಯಿಂದ ಬಿದ್ದಿತ್ತು. ಕೆಲಸಕ್ಕ ಬಾರದ ಭಂಗಾರ ಅನ್ಕೊಂಡೆ."

ಇಬ್ಬರ ನಡುವೆ ಮಾತು ಬೆಳೆಯಿತು. ಪುಲ್ಲರಿನ ಕಾಲು, ಸಕ್ಕರೆ ಡಬ್ಬಿ, ಹತ್ತು ವರ್ಷದ ಹಿಂದಿನ ಯಾವುದೋ ಮದುವೆಯ ಊಟ, ಎಲ್ಲ ಹೊರಗೆ ಬಂದವು. ಯಲ್ಲಕ್ಕ ಸ್ವಲ್ಪ ಹೊತ್ತು ಕಾದಳು. ಅಷ್ಟರಲ್ಲಿ ರಸ್ತೆಯ ಕೊನೆಯಲ್ಲಿ ಧೂಳೆದ್ದಿತು. ಹೊಲದ ಕೆಲಸ ಮುಗಿದು ಸಾತವ್ವ ಹಿಂಡನ್ನು ಊರ ಕಡೆಗೆ ಹೊಡೆದುಕೊಂಡು ಬರುತ್ತಿದ್ದಳು. ಇವರ ಜಗಳ ಮುಗಿಯುವ ಲಕ್ಷಣ ಕಾಣಲಿಲ್ಲ. ನಟ್ಟು ಇನ್ನೂ ಸಡಿಲವಿದೆ ಎಂಬುದು ಯಲ್ಲಕ್ಕನಿಗೆ ಗೊತ್ತಿರಲಿಲ್ಲ. ಗಾಡಿ ಹತ್ತಿ ಕೂತು ಚಾಲೂ ಮಾಡಿದಳು.

ಮೂರು ದಿನ ಆ ಸದ್ದು ಕೇಳದ ಟಗರು ತಲೆ ಎತ್ತಿತು. ಮರುಕ್ಷಣ ಎಂಬತ್ತು ಕುರಿ ಒಟ್ಟಿಗೆ ಗ್ಯಾರೇಜಿನತ್ತ ನುಗ್ಗಿದವು. ಸಾತವ್ವ "ಹೋ ಹೋ" ಎನ್ನುತ್ತ ಹಿಂದೆ ಉಳಿದಳು. ಗಿರಮಲ್ಲಪ್ಪನ ಬಾಳೆಹಣ್ಣಿನ ಗೊನೆ ಕೆಳಗಿನಿಂದ ಮೇಲಕ್ಕೆ ಖಾಲಿಯಾಗತೊಡಗಿತು. ಬಾಗಲಕೋಟೆಯ ಬಸ್ಸೊಂದು ಬಂದು ಕುರಿಗಳ ನಡುವೆ ಸಿಕ್ಕಿಕೊಂಡು ಹಾರ್ನ್ ಹೊಡೆಯಿತು.

"ಯಾರವ್ವಾ, ಯಾರವು ಇವು ಕುರಿ?" ಎಂದು ಡ್ರೈವರು ತಲೆ ಹೊರಗೆ ಹಾಕಿದ.

"ನನ್ನವೇ ಅದಾವ್ರಿ, ತಡೀರಿ, ಒಯ್ತೇನಿ!"

ಯಲ್ಲಕ್ಕ ಗಾಡಿಯನ್ನು ಎದುರಿನ ಪಾಳು ಹೊಲಕ್ಕೆ ಇಳಿಸಿದಳು. ಹಿಂಡು ಹಿಂದೆಯೇ ಇಳಿಯಿತು. ಅರ್ಧ ಕುರಿ ಬಾಳೆಹಣ್ಣಿನ ಬಳಿಯೇ ಉಳಿದಿದ್ದರಿಂದ ಅವುಗಳನ್ನು ಕರೆಯಲು ಗಾಡಿಯನ್ನು ಹಿಂದಕ್ಕೆ ತಂದಳು, ಮತ್ತೆ ಮುಂದಕ್ಕೆ ಎಳೆದಳು, ಎಡಕ್ಕೆ ಸುತ್ತಿಸಿದಳು, ಬಲಕ್ಕೆ ಸುತ್ತಿಸಿದಳು. ಹೆಂಟೆಗಳ ಮೇಲೆ ಗಾಡಿ ದಡದಡ ಕುಣಿಯಿತು. ಒಂದು ಸಲ ಕೆಳಗೆ ಬಂದೂಕು ಹಾರಿದಂತೆ 'ಟಪ್' ಎಂದಿತು.

'ಚೈನ್ ಹೋತು' ಎಂದುಕೊಂಡಳು ಯಲ್ಲಕ್ಕ. ಆದರೂ ಗಾಡಿ ನಿಲ್ಲಲಿಲ್ಲವಲ್ಲ ಎಂದು ಇನ್ನೆರಡು ಸುತ್ತು ಹೊಡೆದಳು. ಮೂರನೆಯ ಸುತ್ತಿನಲ್ಲಿ ಒಂದು ಗಾಲಿ ಅವಳ ಎಡಗಡೆಯಿಂದ ಬಂದು, ಅವಳನ್ನು ದಾಟಿ, ಮುಂದೆ ಹೋಯಿತು. ಯಾರದಪ್ಪಾ ಇದು ಎಂದು ಅವಳು ಯೋಚಿಸುವಷ್ಟರಲ್ಲಿ ಗಾಡಿ ಎಡಕ್ಕೆ ವಾಲಿ ಮಣ್ಣಿನಲ್ಲಿ ಕುಕ್ಕರಿಸಿತು. ಯಲ್ಲಕ್ಕ ಹ್ಯಾಂಡಲ್ ಬಿಡದೆ ಕೂತಲ್ಲೇ ಕೂತಿದ್ದಳು. ಟಗರು ಮಾತ್ರ ಯಜಮಾನತಿಯ ಕಡೆಗೆ ನೋಡಲೂ ಇಲ್ಲ. ಓಡುವ ಗಾಲಿಯ ಹಿಂದೆ ಓಡಿತು. ಟಗರಿನ ಹಿಂದೆ ಹಿಂಡು ಓಡಿತು. ಹಿಂಡಿನ ಹಿಂದೆ ಸಾತವ್ವ ಓಡಿದಳು. ಗಾಲಿ ಹೊಲದ ತುದಿಯ ಜಾಲಿಗಿಡಕ್ಕೆ ತಾಗಿ ಎರಡು ಸಲ ಗಿರಕಿ ಹೊಡೆದು ಮಲಗಿತು. ಟಗರು ಅದರ ಪಕ್ಕದಲ್ಲಿ ನಿಂತು ಮೂಸಿ ನೋಡಿತು.

ಹೊಳಬಸಪ್ಪ ಓಡಿ ಬಂದ. ಯಲ್ಲಕ್ಕನನ್ನು ದಾಟಿಹೋಗಿ ಗಾಡಿಯ ಹಿಂದೆ ಮಂಡಿಯೂರಿ ಕೂತ. ಎಕ್ಸಲ್ ಬರಿದಾಗಿತ್ತು; 'ಟಪ್' ಎಂದದ್ದು ಚೈನಲ್ಲ, ತುಕ್ಕು ಬಿಟ್ಟ ಹಬ್. ಮೂರು ದಿನ ಡೀಸೆಲ್ಲಿಗೆ, ಬೆಂಕಿಗೆ, ಸುತ್ತಿಗೆಗೆ ಬಗ್ಗದ ಹಬ್ ಗಾಲಿಯ ಸಂಗಡ ಜಾಲಿಗಿಡದ ಕೆಳಗೆ ಮಲಗಿತ್ತು.

"ಬಂತು!" ಎಂದ. ಅವನ ಕಣ್ಣಲ್ಲಿ ನೀರಿತ್ತು. "ತಂಗೆವ್ವ, ಬಂತ್ ನೋಡು!"

"ನಾ ಸತ್ತೇನೋ ಬದುಕೇನೋ ಅದನ್ನರ ಕೇಳ್ರಿ ಮೊದಲ!"

"ಬದುಕೀದಿ ತಗೋ, ಬೈಯಾಕತ್ತಿ ಅಲ್ಲ. ಎಕ್ಸಲ್ಲಿನ ಹಲ್ಲು ನೋಡಿಲ್ಲೆ, ಒಂದೂ ಮುರದಿಲ್ಲ!"

ಬಸ್ಸಿನಿಂದ ಇಳಿದ ನಾಲ್ಕು ಜನ ಗಾಡಿಯನ್ನು ಎತ್ತಿ ಗ್ಯಾರೇಜಿಗೆ ತಂದರು. ಹಬ್ ಹೇಗೆ ಬಿಚ್ಚಿತು ಎಂಬುದರ ಬಗ್ಗೆ ಅಲ್ಲಿ ದೊಡ್ಡ ಚರ್ಚೆ ನಡೆಯಿತು. ಮೂರು ದಿನ ತಾನು ಬಡಿದದ್ದೇ ಕಾರಣ, ಅದು ಒಳಗೊಳಗೇ ಸಡಿಲಾಗಿತ್ತು ಎಂದ ಹೊಳಬಸಪ್ಪ. ಗಾಡಿಯನ್ನು ಹಿಂದೆ ಮುಂದೆ ಕುಣಿಸಿದವಳು ತಾನು ಎಂದಳು ಯಲ್ಲಕ್ಕ. ಕುರಿ ಬರದಿದ್ದರೆ ಕುಣಿಸುತ್ತಿದ್ದಳೇ ಎಂದಳು ಸಾತವ್ವ. ಪಿನ್ನು ತನ್ನ ಕಿವಿಯಲ್ಲಿ ಇರದಿದ್ದರೆ ನಟ್ಟು ಬಿಗಿಯಾಗಿಯೇ ಇರುತ್ತಿತ್ತು, ಎಲ್ಲರೂ ಇನ್ನೂ ಇಲ್ಲೇ ಕೂತಿರುತ್ತಿದ್ದರು ಎಂದು ಗಿರಮಲ್ಲಪ್ಪ ಹೇಳಿದಾಗ ಎಲ್ಲರೂ ನಕ್ಕು ಒಪ್ಪಿದರು. ಬಾಳೆಹಣ್ಣಿನ ಮಾತನ್ನು ಅವನೂ ಅಲ್ಲಿಗೇ ಬಿಟ್ಟ.

ಹೊಸ ಚಕ್ರ ಅರ್ಧ ಗಂಟೆಯಲ್ಲಿ ಕೂತಿತು. ಎಕ್ಸಲ್ಲಿನ ತುಕ್ಕನ್ನೆಲ್ಲ ಕೆರೆದು, ಗ್ರೀಸನ್ನು ಬೆಣ್ಣೆ ಸವರಿದಂತೆ ಸವರಿ, ಹಬ್ ಏರಿಸಿ, ಹೊಲದಲ್ಲಿ ಹುಡುಕಿ ತಂದ ನಟ್ಟನ್ನು ಈ ಸಲ ಬಿಗಿದು, ಹೊಸ ಪಿನ್ನು ಹಾಕಿ ಅದರ ಬಾಲ ಮಡಚಿ, ಹೊಳಬಸಪ್ಪ ಎದ್ದು ನಿಂತ. ಬೆಳಗಿನ ಮುಖ ಹೋಗಿ ಬೇರೆಯೇ ಮುಖ ಬಂದಿತ್ತು. ಯಲ್ಲಕ್ಕ ಗಾಡಿ ಹತ್ತಿದಳು.

"ಒಂದ್ ನಿಮಿಷ ತಡಿ" ಎಂದು ಹೊಳಬಸಪ್ಪ ಬಲಗಾಲಿಯ ಕಡೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಆ ಕಡೆಯ ಹಬ್ಬಿಗೆ ಸುತ್ತಿಗೆಯಿಂದ ಒಂದು ಸಣ್ಣ ಪೆಟ್ಟು ಹಾಕಿ ಕಿವಿಗೊಟ್ಟು ಕೇಳಿದ. ಇನ್ನೊಂದು ಪೆಟ್ಟು ಹಾಕಿದ.

ಬುತ್ತಿ ತಂದಿದ್ದ ಮುತ್ತವ್ವ ಅದನ್ನು ನೋಡಿದಳು. "ಏನ್ರಿ, ಆ ಕಡಿ ಏನರ ಕೆಟ್ಟೈತೇನ್ರಿ?"

"ಇಲ್ಲ."

"ಮತ್ತ?"

"ಇದೂ ಹಿಡಕೊಂಡೈತಿ. ಸುಮ್ ನೋಡೂನಂತ..."

ಮುತ್ತವ್ವ ಬುತ್ತಿ ಕೆಳಗಿಟ್ಟು, ಗಂಡನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಸೆರಗಿನೊಳಗೆ ಸುತ್ತಿದಳು. "ಯಕ್ಕಾ, ನೀ ಹೋಗು. ಲಗೂನ ಹೋಗು" ಎಂದಳು ಯಲ್ಲಕ್ಕನಿಗೆ. ಯಲ್ಲಕ್ಕ ಎರಡನೆಯ ಮಾತು ಕೇಳಲು ನಿಲ್ಲಲಿಲ್ಲ.