ಇಲ್ಲದ ಬ್ರೇಕು

ನನ್ನ ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಶಾಲೆಯ ಕಾರಿನಲ್ಲಿ ಪಕ್ಕದಲ್ಲಿ ಕೂರುವ ಅವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ನಮ್ಮ ಮನೆಯ ಕಾರಿನಲ್ಲಿ ಇಲ್ಲ. ಭಾನುವಾರ ಬೆಟ್ಟದ ಮೇಲಿನ ವ್ಯೂ ಪಾಯಿಂಟಿಗೆ ನಾನೇ ಓಡಿಸುತ್ತೇನೆಂದು ಹಟ ಹಿಡಿದೆ.

"ಸರಿ, ನಾನು ಬಾಯೇ ಬಿಡಲ್ಲ, ಆಯ್ತಾ?" ಎಂದು ಪಕ್ಕದಲ್ಲಿ ಕೂತರು.

ಬಾಯಿ ಬಿಡಲಿಲ್ಲ, ನಿಜ. ಆದರೆ ಪ್ರತಿ ತಿರುವಿನಲ್ಲೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಾಲಡಿಯ ಮ್ಯಾಟು ಮುದುಡಿ ಮುದ್ದೆಯಾಯಿತು. ಊರಿಗೆಲ್ಲ ಕಾರು ಕಲಿಸುವ ಮನುಷ್ಯನಿಗೆ ಹೆಂಡತಿಯ ಮೇಲೆ ಮಾತ್ರ ನಂಬಿಕೆ ಇಲ್ಲ! ಹಲ್ಲು ಕಚ್ಚಿಕೊಂಡು ಓಡಿಸಿದೆ.

ಮೇಲೆ ತಲುಪಿದಾಗ ಇಡೀ ಕಣಿವೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಜನರೆಲ್ಲ ಕಂಬಿಗೆ ಒರಗಿ ನೋಡುತ್ತಿದ್ದರೆ, ಇವರು ಬೆಂಚಿನ ಮೇಲೆ ಕೂತು ಮೀನಖಂಡ ತಿಕ್ಕಿಕೊಳ್ಳುತ್ತಿದ್ದರು.

"ಬೆಟ್ಟ ಹತ್ತಿಸಿದ್ದು ನಾನು, ಕಾಲುನೋವು ನಿಮಗಾ?"

"ನಗಬೇಡ ಕಣೇ. ಇಳಿಯೋವಾಗ ನಿನ್ನ ಹಿಂದಿನ ಸೀಟಲ್ಲಿ ಕೂತ್ಕೋತೀನಿ. ಅಲ್ಲಿ ಒತ್ತೋಕೆ ಏನೂ ಇರಲ್ಲ."

ಒಳ್ಳೆಯ ಉಪಾಯವೆಂದು ಹಾಡು ಗುನುಗುತ್ತಾ ಹೊರಟೆ. ಮೊದಲ ತಿರುವಿನಲ್ಲೇ ಸೀಟಿನ ಸಮೇತ ನನ್ನ ಬೆನ್ನಿಗೆ ಧಡ್ಡನೆ ಒಂದು ಒದೆ ಬಿತ್ತು.